ಎರಡೂವರೆ ಕಿಲೋ

ಗಂಗಾವತಿಯ ಅಂಗಡಿಯಾಗ ಆ ಹುಡುಗ
ಮೊದಲು ದೊಡ್ಡದನ್ನ ತಂದಿಟ್ಟ.
ಪೆಟ್ರೋಲಿಂದು. ದಾರ ಜಗ್ಗಿ ತೋರಿಸಿದ,
ಇಡೀ ಓಣಿ ಹೊರಳಿ ನೋಡಿತು.
'ಒಮ್ಮೆ ತಗೊಂಡ್ರ ಹತ್ತು ವರ್ಷ ನೋಡೋ ಹಂಗಿಲ್ಲ ಮೇಡಂ' ಅಂದ.
ಹತ್ತು ವರ್ಷದ ಮಾತು ಬ್ಯಾಡಪ್ಪ,
ಹತ್ತು ನಿಮಿಷ ಈ ಕೈ ಎತ್ತಿ ಹಿಡೀತೈತೇನು
ಅಷ್ಟು ಹೇಳು ಅಂದೆ.

ನನ್ನ ಬಲಭುಜ ಹೋದ ದೀಪಾವಳಿಯಿಂದ
ಅರ್ಧಕ್ಕ ನಿಂತೈತಿ,
ತುಕ್ಕು ಹಿಡಿದ ಕ್ರಸ್ಟ್ ಗೇಟಿನಂಗ.
ಮ್ಯಾಲೂ ಹೋಗಂಗಿಲ್ಲ, ಪೂರ್ತಿ ಇಳಿಯಂಗೂ ಇಲ್ಲ.
ಮುನಿರಾಬಾದಿನಾಗ, ಡ್ಯಾಮಿನ ಕೆಳಗ, ನಮ್ಮ ಮನಿ ಬಗಲಿಗೆ
ಮೂವತ್ತಾರು ಹೆಜ್ಜಿ ಗೋರಂಟಿ ಬೇಲಿ.
ಉದ್ದ ಹಿಡಿಕಿ ಕತ್ರಿಯಾದ್ರ
ಎರಡೂ ಕೈ ತೆರೀಬೇಕು, ಮುಚ್ಚಬೇಕು, ತೆರೀಬೇಕು.
ಎಷ್ಟು ಸಲ ಅಂತ ನಾ ಎಣಿಸಿಲ್ಲ,
ಭುಜ ಎಣಿಸೈತಿ.

ಎರಡನೇದು ವೈರಿಂದು.
ಹಗುರಿತ್ತು, ಸುಳ್ಳು ಹೇಳಬಾರದು.
ಆದ್ರ ನಮ್ಮ ಕಡೆ ಕರೆಂಟಿನ ಕತಿ ಬ್ಯಾರೆ,
ಮ್ಯಾಲ ಆ ವೈರು
ತನ್ನ ಹಲ್ಲಿಗೆ ತಾನ ಸಿಕ್ಕು ಸಾಯೋ ಜಾತಿ.
ವಾಟರ್‌ಮನ್ ಯಂಕೋಬ ಹೋದ ವರ್ಷ ಹಂಗ ಮಾಡಿ
ಇಡೀ ಸಾಲಿನ ಫ್ಯೂಸ್ ಹಾರಿಸಿದ್ದ.

ಮೂರನೇದು ಬ್ಯಾಟ್ರಿದು.
ಡಬ್ಬಿ ಮ್ಯಾಲ ಎರಡು ಕಿಲೋ ನಾನೂರು ಗ್ರಾಂ ಅಂತ ಬರದಿತ್ತು.
ಹಿಡಿದೆ.
ಮೂವತ್ತೊಂದು ವರ್ಷ ಸಬ್‌ಸೆಂಟರಿನಾಗ
ಹೊಸಾ ಕೂಸುಗಳ ತೂಕ ಮಾಡಿದ ಕೈ ಇದು.
ಕೊಕ್ಕಿ ತಕ್ಕಡಿಯ ಮುಳ್ಳು ನಿಲ್ಲೋದ್ರಾಗ
ಅಂಗೈ ಹೇಳಿ ಮುಗಿಸ್ತಿತ್ತು.
ಎರಡೂವರೆ ಕಿಲೋ ನಮ್ಮ ಗೆರಿ.
ದಾಟಿದ್ರ ಬರಕೋ, ಸಕ್ಕರಿ ಹಂಚ್ರಿ ಅನ್ನು.
ಕೆಳಗಿದ್ರ ಅವ್ವನ ಎದಿಗೆ ಕಟ್ಟು, ಬೆಚ್ಚಗ ಮುಚ್ಚು,
ಜೀಪ್ ಬಂತೇನು ನೋಡು.

'ಇದು ಮೂರು ಕಿಲೋ ಐತಿ' ಅಂದೆ.
ಹುಡುಗ ನಕ್ಕ. 'ಕಂಪನಿಯವ್ರು ಬರದಾರ್ರಿ.'
ಬಾಜೂಕ ಉಳ್ಳಾಗಡ್ಡಿ ಮಾರೋ ಶಾಲಂಬಿ
ತಕ್ಕಡಿ ಮ್ಯಾಲಿನ ಸಿಪ್ಪಿ ಊದಿ ಜಾಗಾ ಮಾಡಿಕೊಟ್ಲು.
ಮೂರು ಕಿಲೋ ಐವತ್ತು ಗ್ರಾಂ!
ಬ್ಯಾಟ್ರಿ ಬಿಟ್ಟು ತೂಗಿದ್ರು ಡಬ್ಬಿಯವ್ರು.
ಕುಲಾವಿ, ಬಟ್ಟಿ ಬಿಚ್ಚಿ ತೂಗ್ತಿದ್ವಿ ನಾವೂ,
ಆದ್ರ ಗುಂಡಿಗಿ ತಗದಿಟ್ಟು ಯಾರೂ ತೂಗಿಲ್ಲ.
'ನೀ ಎಲ್ಲಿ ಹುಟ್ಟಿದಿಯೋ?' ಕೇಳಿದೆ.
ಕಂಪ್ಲಿ ಅಂದ.
ಹಂಗಾರ ನನ್ನ ತಕ್ಕಡಿಯಾಗಿನವನಲ್ಲ, ಬಿಡು.

ಒಳಗ ಹೋಗಿ ಮೂಲ್ಯಾಗಿಂದ ಇನ್ನೊಂದು ತಂದ.
ಧೂಳು ಕೂತಿತ್ತು, ಭಾಳ ಜನ ಕೇಳಂಗಿಲ್ಲಂತ.
ಗಿಡ್ಡ ಅಲಗು, ಮೊಣಕೈಯಿಂದ ಬೆರಳ ತುದಿತನಕ.
ಹಿಡಿಕಿ ನನ್ನ ಮುಷ್ಟಿಗೆ ಕೂತಿತು,
ಗುಂಡಿ ಒತ್ತಾಕ ಬೆರಳು ಊರು ಸುತ್ತಬೇಕಾಗಿಲ್ಲ,
ಮೂತಿ ಮುಂದಕ್ಕ ಜೋಲಿ ಹೊಡಿಯಂಗಿಲ್ಲ.
ಬ್ಯಾಟ್ರಿ ಸೈತ ಒಂದು ಕಿಲೋ ಒಂಬೈನೂರು.
'ಇಷ್ಟ ಏನ್ರಿ?' ಅಂದ್ಲು ಶಾಲಂಬಿ, ಪಾಪ ಅನ್ನೋ ದನಿಯಾಗ.
ನಾ ಮಾತ್ರ
ಇಷ್ಟು ಕಡಿಮಿ ತೂಕಕ್ಕ
ಜನ್ಮದಾಗ ಮೊದಲ ಸಲ ಖುಷಿಪಟ್ಟೆ.

ಮರುದಿನ ಮುಂಜಾನೆ ಹಳೇ ಸೀರಿ ಹಾಸಿ
ಬೇಲಿಗೆ ಹಚ್ಚಿದೆ.
ಎಂಟು ಹೆಜ್ಜಿಗೊಮ್ಮೆ ನಿಂತು ಚಾ.
ಭುಜ ಗೊಣಗಿತು, ಒದರಲಿಲ್ಲ.
ಕೈ ಎಷ್ಟು ಎತ್ತರ ಹೋತೋ ಅಷ್ಟಕ್ಕ ಕತ್ತರಿಸಿದೆ,
ಮೊದಲಿಗಿಂತ ಒಂದೂವರೆ ಗೇಣು ಕೆಳಗ.
ಹಂಗಾಗಿ, ಮಧ್ಯಾಹ್ನದ ಹೊತ್ತಿಗೆ,
ಹನ್ನೊಂದು ವರ್ಷ ಆಚಿ ಬದಿ ಬರೇ ಕೆಮ್ಮಾಗಿದ್ದ ಮನುಷ್ಯಾಗ
ಮೂಗು, ಕನ್ನಡಕ, ಬಿಳಿ ಮೀಸಿ ಬಂದವು.
'ಸಿಸ್ಟರ್, ಎಲಿ ಒಂದಿಷ್ಟು ಕೊಡ್ರಿ,
ಮೊಮ್ಮಗಳು ಕೈಗೆ ಹಚ್ಗೋತಾಳಂತ.'

ಹಾಸಿದ ಸೀರಿಯ ನಾಕೂ ತುದಿ ಗಂಟು ಕಟ್ಟಿ
ಬೇಲಿ ಮ್ಯಾಲಿಂದ ದಾಟಿಸಿದೆ.
ಎರಡೂ ಕೈಲೆ ಹಿಡಕೊಂಡ.
ಎರಡೂವರೆ ಇರಬೇಕು,
ಒಂದು ಚೂರು ಮ್ಯಾಲ.
ಕಡ್ಡಿ ಸೈತ.